ನೆರೆಮನೆಯ ಕಣ್ಣಿಗಾಗಿ ಮಾಡುವ ಖರ್ಚು: ಥಾರ್‌ಸ್ಟೀನ್ ವೆಬ್ಲೆನ್ ಬದುಕು

ಅಮೆರಿಕದ ಸರಾಸರಿ ಕುಟುಂಬವೊಂದು 2023ರಲ್ಲಿ ವರ್ಷವಿಡೀ ಮಾಡಿದ ಖರ್ಚು 77,280 ಡಾಲರ್ ಎಂದು ಆ ದೇಶದ ಕಾರ್ಮಿಕ ಅಂಕಿ-ಅಂಶ ಇಲಾಖೆ ಲೆಕ್ಕ ಕೊಟ್ಟಿದೆ. ಇದರಲ್ಲಿ ಸುಮಾರು ಮೂರನೆಯ ಒಂದು ಪಾಲು ವಸತಿಗೆ, ಶೇಕಡಾ 17ರಷ್ಟು ಸಾರಿಗೆಗೆ, ಶೇಕಡಾ 13ರಷ್ಟು ಆಹಾರಕ್ಕೆ ಸಂದಿತು. ಅದೇ ದೇಶದಲ್ಲಿ 1901ರ ಸುಮಾರಿಗೆ ಕಾರ್ಮಿಕ ಕುಟುಂಬಗಳ ಆಯವ್ಯಯವನ್ನು ಸರ್ಕಾರ ಮನೆ ಮನೆಗೆ ಹೋಗಿ ವಿಚಾರಿಸಿದಾಗ, ಖರ್ಚಾದ ಪ್ರತಿ ನೂರು ಡಾಲರಿನಲ್ಲಿ 42ಕ್ಕೂ ಹೆಚ್ಚು ಡಾಲರ್ ಊಟಕ್ಕೇ ಹೋಗುತ್ತಿತ್ತೆಂದು ತಿಳಿದುಬಂದಿತ್ತು. ಬಟ್ಟೆಬರೆಗೆ ಹೋಗುತ್ತಿದ್ದುದು 14 ಡಾಲರ್.

ಹೊಟ್ಟೆಯ ಪಾಲು ಇಷ್ಟೊಂದು ಇಳಿದ ಮೇಲೆ ಕುಟುಂಬದ ಕೈ ಸಡಿಲವಾಗಬೇಕಿತ್ತು. ಹಾಗಾಗಲಿಲ್ಲ. ಅಮೆರಿಕನ್ನರ ಕ್ರೆಡಿಟ್ ಕಾರ್ಡ್ ಸಾಲದ ಒಟ್ಟು ಬಾಕಿ 2023ರಲ್ಲಿ ಮೊದಲ ಬಾರಿಗೆ ಒಂದು ಲಕ್ಷ ಕೋಟಿ ಡಾಲರ್ ದಾಟಿತು. ಗಳಿಕೆ ಹೆಚ್ಚಿದರೂ ಕೊರತೆಯ ಭಾವ ಏಕೆ ತಗ್ಗುವುದಿಲ್ಲ ಎಂಬುದು ಕೇವಲ ಲೆಕ್ಕದ ಪುಸ್ತಕ ನೋಡಿ ಉತ್ತರಿಸಬಹುದಾದ ಪ್ರಶ್ನೆಯಲ್ಲ. ನಾರ್ವೆಯಿಂದ ವಲಸೆ ಬಂದ ರೈತನೊಬ್ಬನ ಮಗ ಈ ಪ್ರಶ್ನೆಯನ್ನು 19ನೇ ಶತಮಾನದ ಕೊನೆಯಲ್ಲಿಯೇ ಕೈಗೆತ್ತಿಕೊಂಡು ಪುಸ್ತಕವೊಂದನ್ನು ಬರೆದರು. ಅವರೇ ಥಾರ್‌ಸ್ಟೀನ್ ವೆಬ್ಲೆನ್. ಶ್ರೀಮಂತರ ಆಡಂಬರವನ್ನು ಲೇವಡಿ ಮಾಡಿದ ಲೇಖಕ ಎಂದೇ ಅವರ ಹೆಸರು ಉಳಿದುಕೊಂಡಿದೆ. ಆದರೆ ಅವರ ವಿಚಾರದ ನಿಜವಾದ ಮೊನೆ ಇದ್ದದ್ದು ಸಾಮಾನ್ಯ ಸಂಸಾರದ ಹೊಸ್ತಿಲಿನ ಕಡೆಗೆ.

ಹೊಲದಿಂದ ಕಾಲೇಜಿಗೆ

ವೆಬ್ಲೆನ್ ಜನಿಸಿದ್ದು 1857ರ ಜುಲೈ 30ರಂದು, ವಿಸ್ಕಾನ್ಸಿನ್ ರಾಜ್ಯದ ಕೇಟೊ ಎಂಬ ಹಳ್ಳಿಯಲ್ಲಿ. ತಂದೆ ಥಾಮಸ್, ತಾಯಿ ಕಾರಿ. ಇಬ್ಬರೂ 1847ರಲ್ಲಿ ನಾರ್ವೆಯಿಂದ ಬಂದವರು. ಹನ್ನೆರಡು ಮಕ್ಕಳಲ್ಲಿ ಥಾರ್‌ಸ್ಟೀನ್ ಆರನೆಯವರು. ಅವರಿಗೆ ಎಂಟು ವರ್ಷವಾಗಿದ್ದಾಗ, 1865ರಲ್ಲಿ, ಕುಟುಂಬ ಮಿನೆಸೋಟ ರಾಜ್ಯದ ನರ್‌ಸ್ಟ್ರಾಂಡ್ ಬಳಿಯ ಜಮೀನಿಗೆ ಸ್ಥಳಾಂತರಗೊಂಡಿತು. ಥಾಮಸ್ ಬಡಗಿ ಕೆಲಸದಲ್ಲಿ ನುರಿತವರು. ಅಲ್ಲಿ ತಾವೇ ಕಟ್ಟಿದ ಮನೆ ಇಂದಿಗೂ ಉಳಿದಿದ್ದು, ಅಮೆರಿಕ ಸರ್ಕಾರ ಅದನ್ನು 1981ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿತು.

ಮನೆಯಲ್ಲಿ ಆಡುತ್ತಿದ್ದುದು ನಾರ್ವೇಜಿಯನ್ ಭಾಷೆ. ಸುತ್ತಲಿನವರೂ ಬಹುಮಟ್ಟಿಗೆ ಅದೇ ನೆಲದಿಂದ ಬಂದ ರೈತರು. ವೆಬ್ಲೆನ್ ಕಡುಬಡತನದಲ್ಲಿ ಬೆಳೆದರೆಂದು ಹಿಂದಿನ ಜೀವನಚರಿತ್ರೆಗಳು ಬಣ್ಣಿಸಿದ್ದವು. ಅದು ಉತ್ಪ್ರೇಕ್ಷೆಯೆಂದು ಮುಂದಿನ ಸಂಶೋಧಕರು ತೋರಿಸಿದ್ದಾರೆ. ದುಡಿಮೆಯಿಂದ ನೆಲೆನಿಂತ, ಮಕ್ಕಳನ್ನು ಓದಿಸುವಷ್ಟು ಅನುಕೂಲವಿದ್ದ ಕುಟುಂಬ ಅದು. ಅಣ್ಣ ಆಂಡ್ರ್ಯೂ ಭೌತಶಾಸ್ತ್ರದ ಪ್ರಾಧ್ಯಾಪಕರಾದರು. ಆಂಡ್ರ್ಯೂ ಅವರ ಮಗ ಆಸ್ವಾಲ್ಡ್ ವೆಬ್ಲೆನ್ ಪ್ರಿನ್ಸ್‌ಟನ್‌ನ ಹೆಸರಾಂತ ಗಣಿತಜ್ಞರಾದರು. ಬಡತನ ಕಾಡದಿದ್ದರೂ ಆ ಬಾಲ್ಯ ವೆಬ್ಲೆನ್ ಅವರಿಗೆ ಒಂದು ಅಳತೆಗೋಲನ್ನು ಕೊಟ್ಟಿತು. ವಸ್ತುವೊಂದು ಯಾವ ಕೆಲಸಕ್ಕೆ ಬರುತ್ತದೆ, ಎಷ್ಟು ಚೆನ್ನಾಗಿ ಮಾಡಲ್ಪಟ್ಟಿದೆ ಎಂಬುದೇ ರೈತನ ಮನೆಯಲ್ಲಿ ಅದರ ಬೆಲೆ. ಮುಂದೆ ನಗರದ ಬದುಕನ್ನು ಅವರು ಹೊರಗಿನವರ ದೃಷ್ಟಿಯಿಂದ ನೋಡಲು ಈ ಅಳತೆಗೋಲು ಕಾರಣವಾಯಿತು.

1874ರಲ್ಲಿ ಅವರು ನಾರ್ತ್‌ಫೀಲ್ಡ್‌ನ ಕಾರ್ಲ್‌ಟನ್ ಕಾಲೇಜು ಸೇರಿದರು. ಮುಂದೆ ಅಮೆರಿಕದ ಪ್ರಮುಖ ಅರ್ಥಶಾಸ್ತ್ರಜ್ಞರಾಗಿ ಹೆಸರಾದ ಜಾನ್ ಬೇಟ್ಸ್ ಕ್ಲಾರ್ಕ್ ಅಲ್ಲಿ ಅವರ ಗುರುಗಳಾಗಿದ್ದರು. 1880ರಲ್ಲಿ ಪದವಿ ಪಡೆದು, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸ್ವಲ್ಪಕಾಲ ಕಲಿತು, ಬಳಿಕ ಯೇಲ್ ವಿಶ್ವವಿದ್ಯಾಲಯದಿಂದ 1884ರಲ್ಲಿ ತತ್ತ್ವಶಾಸ್ತ್ರದ ಡಾಕ್ಟರೇಟ್ ಗಳಿಸಿದರು.

ಏಳು ವರ್ಷಗಳ ನಿರುದ್ಯೋಗ

ಡಾಕ್ಟರೇಟ್ ಕೈಗೆ ಬಂದರೂ ಕೆಲಸ ಸಿಗಲಿಲ್ಲ. ಆಗಿನ ಕಾಲೇಜುಗಳಲ್ಲಿ ತತ್ತ್ವಶಾಸ್ತ್ರ ಬೋಧನೆ ಬಹುಪಾಲು ಧರ್ಮಶಾಸ್ತ್ರ ಕಲಿತವರ ಪಾಲಾಗಿತ್ತು. ದೇವರ ವಿಷಯದಲ್ಲಿ ಸಂದೇಹವಾದಿಯಾಗಿದ್ದ, ವಲಸಿಗ ರೈತ ಕುಟುಂಬದ ಯುವಕನಿಗೆ ಅಲ್ಲಿ ಬಾಗಿಲು ತೆರೆಯಲಿಲ್ಲ. ವೆಬ್ಲೆನ್ ಊರಿಗೆ ಮರಳಿದರು. 1888ರಲ್ಲಿ ಕಾರ್ಲ್‌ಟನ್‌ನ ಸಹಪಾಠಿ ಎಲೆನ್ ರೋಲ್ಫ್ ಅವರನ್ನು ವಿವಾಹವಾದರು. ಎಲೆನ್ ಕಾಲೇಜಿನ ಅಧ್ಯಕ್ಷರ ಸಂಬಂಧಿಕರ ಮಗಳು, ಅನುಕೂಲಸ್ಥ ಮನೆತನದವರು. ದಂಪತಿ ಅಯೋವಾ ರಾಜ್ಯದ ಸ್ಟೇಸಿವಿಲ್‌ನ ಜಮೀನಿನಲ್ಲಿ ನೆಲೆಸಿದರು.

ಈ ಏಳು ವರ್ಷ ಅವರು ಮಾಡಿದ್ದು ಓದು ಮಾತ್ರ. ಅರ್ಥಶಾಸ್ತ್ರ, ಮಾನವಶಾಸ್ತ್ರ, ಸಸ್ಯಶಾಸ್ತ್ರ, ಐಸ್‌ಲ್ಯಾಂಡಿನ ಪುರಾಣಕಥೆಗಳು, ಎಲ್ಲವೂ ಆ ಓದಿನಲ್ಲಿ ಸೇರಿದ್ದವು. ಕೆಲಸವಿಲ್ಲದ ಪಂಡಿತನೊಬ್ಬನನ್ನು ನೆಂಟರಿಷ್ಟರು ಹೇಗೆ ನೋಡಿರಬಹುದೆಂದು ಊಹಿಸುವುದು ಕಷ್ಟವಲ್ಲ. ಮನುಷ್ಯನ ಗೌರವ ಅವನ ಯೋಗ್ಯತೆಗಿಂತ ಅವನ ಗಳಿಕೆಯ ಗುರುತಿಗೆ ಸಲ್ಲುತ್ತದೆ ಎಂಬ ಮುಂದಿನ ಅವರ ಸಿದ್ಧಾಂತವನ್ನು ಓದುವಾಗ ಈ ವರ್ಷಗಳು ನೆನಪಾಗದೆ ಇರುವುದಿಲ್ಲ.

1891ರಲ್ಲಿ ಮತ್ತೆ ಪ್ರಯತ್ನಿಸಲು ನಿರ್ಧರಿಸಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋದರು. ರಕೂನ್ ಎಂಬ ಪ್ರಾಣಿಯ ತುಪ್ಪಳದ ಟೋಪಿ ಧರಿಸಿ, ಒರಟು ಕಾರ್ಡುರಾಯ್ ಷರಾಯಿ ತೊಟ್ಟು ಅರ್ಥಶಾಸ್ತ್ರದ ಪ್ರಾಧ್ಯಾಪಕ ಲಾರೆನ್ಸ್ ಲಾಫ್ಲಿನ್ ಅವರ ಕೊಠಡಿಗೆ ಕಾಲಿಟ್ಟು ತಮ್ಮ ಹೆಸರು ಹೇಳಿಕೊಂಡರೆಂಬ ಕಥೆ ಪ್ರಸಿದ್ಧವಾಗಿದೆ. ವೇಷ ನೋಡದೆ ವಿದ್ವತ್ತನ್ನು ಗುರುತಿಸಿದ ಲಾಫ್ಲಿನ್ ಅವರಿಗೆ ವಿದ್ಯಾರ್ಥಿವೇತನ ದೊರಕಿಸಿದರು. ಮರುವರ್ಷ ಹೊಸದಾಗಿ ತೆರೆದ ಷಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಹೊರಟಾಗ ವೆಬ್ಲೆನ್ ಅವರನ್ನೂ ಕರೆದೊಯ್ದರು.

ಅದೇ 1891ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ವೆಬ್ಲೆನ್ ತಮ್ಮ ಮುಂದಿನ ಗ್ರಂಥದ ಬೀಜವನ್ನು ಬಿತ್ತಿದ್ದರು. ಕೈಗಾರಿಕಾ ಯುಗದ ದುಡಿಯುವ ಜನ ಹಿಂದಿಗಿಂತ ಬಡವರಾಗಿದ್ದಾರೆಂದು ಹೇಳಲಾಗದು. ಆದರೂ ಅವರಲ್ಲಿ ಅಸಮಾಧಾನ ಬೆಳೆಯುತ್ತಿದೆ. ಇದಕ್ಕೆ ಕಾರಣ, ಮನುಷ್ಯ ತನ್ನ ಸ್ಥಿತಿಯನ್ನು ತನ್ನ ತಾತನ ಸ್ಥಿತಿಯೊಂದಿಗೆ ಹೋಲಿಸುವುದಿಲ್ಲ. ಪಕ್ಕದ ಮನೆಯವನ ಸ್ಥಿತಿಯೊಂದಿಗೆ ಹೋಲಿಸುತ್ತಾನೆ. ಎಲ್ಲರ ಗಳಿಕೆಯೂ ಒಟ್ಟಿಗೆ ಏರಿದರೆ ಈ ಹೋಲಿಕೆಯಲ್ಲಿ ಯಾರಿಗೂ ಲಾಭವಿಲ್ಲ. ಇದು ಆ ಲೇಖನದ ಸಾರ.

ಷಿಕಾಗೋ ಎಂಬ ಪ್ರಯೋಗಶಾಲೆ

ಇಂಥ ವಿಚಾರವನ್ನು ಪರೀಕ್ಷಿಸಲು ಷಿಕಾಗೋಗಿಂತ ಉತ್ತಮ ನಗರ ಆಗ ಇರಲಿಲ್ಲ. 1890ರಲ್ಲಿ ಸುಮಾರು 11 ಲಕ್ಷವಿದ್ದ ಅಲ್ಲಿನ ಜನಸಂಖ್ಯೆ 1900ರ ವೇಳೆಗೆ ಸುಮಾರು 17 ಲಕ್ಷಕ್ಕೇರಿತು. ಒಬ್ಬರನ್ನೊಬ್ಬರು ಅರಿಯದ ಜನ ಒಂದೇ ಬೀದಿಯಲ್ಲಿ ಬಾಳತೊಡಗಿದ್ದರು. ಮಾರ್ಷಲ್ ಫೀಲ್ಡ್‌ನಂಥ ಭಾರಿ ಮಳಿಗೆಗಳ ಗಾಜಿನ ಕಿಟಕಿಗಳಲ್ಲಿ ವಸ್ತುಗಳು ಮಿನುಗುತ್ತಿದ್ದವು. 1893ರಲ್ಲಿ ಅಲ್ಲಿ ವಿಶ್ವ ಮೇಳ ನಡೆಯಿತು. ಅದೇ ವರ್ಷ ಆರ್ಥಿಕ ಕುಸಿತವೂ ಬಂತು. 1894ರಲ್ಲಿ ಪುಲ್‌ಮನ್ ರೈಲು ಬೋಗಿ ಕಾರ್ಖಾನೆಯವರು ಕೂಲಿ ಇಳಿಸಿ, ಕಾರ್ಮಿಕರು ವಾಸವಿದ್ದ ಕಂಪನಿ ಮನೆಗಳ ಬಾಡಿಗೆಯನ್ನು ಮಾತ್ರ ಇಳಿಸದಿದ್ದಾಗ ದೇಶವನ್ನೇ ನಡುಗಿಸಿದ ಮುಷ್ಕರ ಸ್ಫೋಟಿಸಿತು. ವಿಶ್ವವಿದ್ಯಾಲಯವೇ ತೈಲ ದೊರೆ ರಾಕ್‌ಫೆಲರ್ ಅವರ ಹಣದಿಂದ ಎದ್ದದ್ದು.

ವೆಬ್ಲೆನ್ ಅಲ್ಲಿ ಪಾಠ ಹೇಳುತ್ತ, ವಿಭಾಗದ ಪತ್ರಿಕೆಯ ಸಂಪಾದನೆ ನೋಡಿಕೊಳ್ಳುತ್ತ ಹದಿನಾಲ್ಕು ವರ್ಷ ಕಳೆದರು. ಪಾಠದಲ್ಲಿ ಅವರಿಗೆ ಜನಪ್ರಿಯತೆ ದೊರೆಯಲಿಲ್ಲ. ತಗ್ಗಿದ ದನಿಯಲ್ಲಿ ಗೊಣಗಿದಂತೆ ಮಾತನಾಡುತ್ತಿದ್ದರು, ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ದರ್ಜೆ ಕೊಡುತ್ತಿದ್ದರು ಎನ್ನಲಾಗಿದೆ. ಬಡ್ತಿಯೂ ನಿಧಾನವಾಗಿಯೇ ಬಂತು. 1900ರಲ್ಲಿ ಸಹಾಯಕ ಪ್ರಾಧ್ಯಾಪಕರಾಗುವಾಗ ಅವರಿಗೆ 40 ದಾಟಿತ್ತು. ಅದಕ್ಕೆ ಒಂದು ವರ್ಷ ಮೊದಲು, 1899ರಲ್ಲಿ, ಅವರ ಮೊದಲ ಗ್ರಂಥ ದಿ ಥಿಯರಿ ಆಫ್ ದಿ ಲೀಷರ್ ಕ್ಲಾಸ್ ಹೊರಬಂದಿತ್ತು. ವಿರಾಮ ವರ್ಗದ ಸಿದ್ಧಾಂತ ಎಂದು ಅದನ್ನು ಕರೆಯಬಹುದು.

ಪುಸ್ತಕ ಹೇಳಿದ್ದೇನು?

ದುಡಿಯಬೇಕಾದ ಅಗತ್ಯವಿಲ್ಲದವರು ಸಮಾಜದಲ್ಲಿ ಮಾನ್ಯರೆನಿಸುತ್ತಾರೆ ಎಂಬಲ್ಲಿಂದ ಪುಸ್ತಕ ಆರಂಭವಾಗುತ್ತದೆ. ಆದರೆ ಸಂಪತ್ತು ಪೆಟ್ಟಿಗೆಯೊಳಗೆ ಇದ್ದರೆ ಮಾನ್ಯತೆ ದೊರೆಯದು, ಅದು ಕಾಣಬೇಕು. ಕಾಣಿಸುವ ದಾರಿಗಳು ಎರಡು. ಒಂದು, ಕೆಲಸ ಮಾಡದೆ ಇರುವ ಬಿಡುವನ್ನು ಪ್ರದರ್ಶಿಸುವುದು. ಇನ್ನೊಂದು, ಅಗತ್ಯಕ್ಕಿಂತ ಹೆಚ್ಚಿನ ಬೆಲೆಯ ವಸ್ತುಗಳನ್ನು ಎಲ್ಲರ ಕಣ್ಣೆದುರು ಬಳಸುವುದು. ಈ ಎರಡನೆಯದನ್ನೇ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇಂದು ಪ್ರದರ್ಶನಾತ್ಮಕ ಅನುಭೋಗ ಎಂಬ ಹೆಸರಿನಿಂದ ಓದುತ್ತಾರೆ.

ಇಲ್ಲಿಗೆ ನಿಂತಿದ್ದರೆ ಅದು ಶ್ರೀಮಂತರ ಕುರಿತ ಪುಸ್ತಕವೇ ಆಗಿರುತ್ತಿತ್ತು. ವೆಬ್ಲೆನ್ ನಿಲ್ಲಲಿಲ್ಲ. ಪ್ರತಿಯೊಂದು ವರ್ಗವೂ ತನಗಿಂತ ಒಂದು ಮೆಟ್ಟಿಲು ಮೇಲಿರುವ ವರ್ಗದ ಬಾಳ್ವೆಯನ್ನು ಮಾದರಿಯಾಗಿ ಇಟ್ಟುಕೊಳ್ಳುತ್ತದೆ ಎಂದು ಅವರು ತೋರಿಸಿದರು. ಗುಮಾಸ್ತ ಕೋಟ್ಯಧಿಪತಿಯನ್ನು ಅನುಕರಿಸುವುದಿಲ್ಲ, ತನ್ನ ಮೇಲಧಿಕಾರಿಯನ್ನು ಅನುಕರಿಸುತ್ತಾನೆ. ಮೇಲಧಿಕಾರಿ ತನಗಿಂತ ಮೇಲಿನವನನ್ನು. ಹೀಗೆ ಮೇಲ್ತುದಿಯ ರೂಢಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕಟ್ಟಕಡೆಯ ಕುಟುಂಬವನ್ನೂ ಮುಟ್ಟುತ್ತದೆ. ಕಡುಬಡವರು ಕೂಡ ಮಾನಕ್ಕಾಗಿ ಇಟ್ಟುಕೊಂಡ ಕೊನೆಯ ಅಲಂಕಾರವನ್ನು ಬಿಟ್ಟುಕೊಡುವ ಮುನ್ನ ಬಹಳಷ್ಟು ಕಷ್ಟವನ್ನು ಸಹಿಸುತ್ತಾರೆ ಎಂಬುದು ಅವರ ಅವಲೋಕನ.

ಮಧ್ಯಮ ವರ್ಗದ ಮನೆಯ ಬಗ್ಗೆ ಅವರು ಬರೆದದ್ದು ಇನ್ನೂ ಸೂಕ್ಷ್ಮ. ಅಲ್ಲಿ ಗಂಡ ದಿನವಿಡೀ ದುಡಿಯುತ್ತಾನೆ, ಅವನಿಗೆ ಬಿಡುವಿನ ಪ್ರದರ್ಶನ ಸಾಧ್ಯವಿಲ್ಲ. ಆ ಹೊಣೆ ಹೆಂಡತಿಯ ಮೇಲೆ ಬೀಳುತ್ತದೆ. ಅವಳ ಉಡುಗೆ, ನಡುಮನೆಯ ಅಲಂಕಾರ, ಅತಿಥಿ ಸತ್ಕಾರ, ಇವೆಲ್ಲ ಮನೆಯ ಯಜಮಾನನ ಶಕ್ತಿಯನ್ನು ಲೋಕಕ್ಕೆ ಸಾರುತ್ತವೆ. ಗೃಹಿಣಿಯ ಈ ದುಡಿಮೆಯನ್ನು ಯಾರೂ ದುಡಿಮೆಯೆಂದು ಎಣಿಸುವುದಿಲ್ಲ. ಮಹಿಳೆಯರ ಉಡುಪಿನ ಅರ್ಥಶಾಸ್ತ್ರದ ಬಗ್ಗೆ 1894ರಲ್ಲಿಯೇ ಅವರು ಪ್ರತ್ಯೇಕ ಲೇಖನ ಬರೆದಿದ್ದರು. ಚಳಿಯ ನಾಡಿನಲ್ಲಿ ಜನ ಬೆಚ್ಚನೆಯ ಬಟ್ಟೆ ಬಿಟ್ಟು, ಚೆನ್ನಾಗಿ ಕಾಣುವ ಬಟ್ಟೆ ತೊಟ್ಟು ನಡುಗುವುದನ್ನು ಅವರು ಗಮನಿಸಿದ್ದರು.

ಖರ್ಚಿನಲ್ಲಿ ಹಳ್ಳಿಗೂ ನಗರಕ್ಕೂ ಇರುವ ಅಂತರವನ್ನು ಅವರು ವಿವರಿಸಿದ ರೀತಿ ವಿಶೇಷವಾದದ್ದು. ಹಳ್ಳಿಯಲ್ಲಿ ಯಾರ ಬಳಿ ಎಷ್ಟಿದೆ ಎಂಬುದು ಎಲ್ಲರಿಗೂ ಗೊತ್ತು. ಉಳಿತಾಯವೂ ಮನೆಯೊಳಗಿನ ಅನುಕೂಲವೂ ಅಲ್ಲಿ ನೆರೆಹೊರೆಯ ಮಾತಿನಿಂದಲೇ ಹಬ್ಬಿ ಗೌರವ ತರುತ್ತವೆ. ನಗರದಲ್ಲಿ ನೋಡುವವರು ಅಪರಿಚಿತರು. ಅವರಿಗೆ ಬ್ಯಾಂಕಿನ ಲೆಕ್ಕ ಕಾಣದು. ಕಾಣುವುದು ಅಂಗಿ, ಬೂಟು, ಗಾಡಿ ಮಾತ್ರ. ಆದ್ದರಿಂದ ಅಷ್ಟೇ ಗಳಿಕೆಯಿದ್ದರೂ ನಗರದ ಕುಟುಂಬ ಮೈಮೇಲಿನ ಬಟ್ಟೆಗೆ ಹೆಚ್ಚು ವ್ಯಯಿಸಿ ಕಡಿಮೆ ಉಳಿಸುತ್ತದೆ. ಊರಿಂದೂರಿಗೆ ಕೆಲಸ ಹುಡುಕಿ ಹೋಗುವ ಮುದ್ರಣಾಲಯದ ಕಾರ್ಮಿಕರು ಹೊಸ ಗೆಳೆಯರಿಗೆ ಕುಡಿಸುವುದರಲ್ಲಿ ಧಾರಾಳಿಗಳಾಗಿರುವುದಕ್ಕೂ ಇದೇ ಕಾರಣವೆಂದು ಅವರು ಹೇಳಿದರು. ಅದನ್ನು ದುರ್ನಡತೆಯೆಂದು ಬೈಯುತ್ತಿದ್ದ ಕಾಲದಲ್ಲಿ, ಪ್ರತಿ ಊರಿನಲ್ಲೂ ಹೊಸದಾಗಿ ಮಾನ ಸಂಪಾದಿಸಬೇಕಾದವನ ಅನಿವಾರ್ಯತೆ ಅದೆಂದು ಗುರುತಿಸಿದವರು ವೆಬ್ಲೆನ್.

ಮನೆಯ ಕಾಣುವ ಭಾಗಕ್ಕೂ ಕಾಣದ ಭಾಗಕ್ಕೂ ಇರುವ ವ್ಯತ್ಯಾಸವೂ ಅವರ ಕಣ್ಣಿಗೆ ಬಿತ್ತು. ಬೀದಿಗೆ ತೋರುವ ಬದುಕು ಥಳಥಳಿಸುತ್ತಿದ್ದರೆ ಒಳಗಿನ ಸಂಸಾರ ಹೋಲಿಕೆಯಲ್ಲಿ ಜೀರ್ಣವಾಗಿರುತ್ತದೆ. ಆಧುನಿಕ ಕುಟುಂಬ ತನ್ನ ಖಾಸಗಿ ಬದುಕನ್ನು ಪರದೆಯ ಹಿಂದೆ ಇಡುವುದಕ್ಕೆ ಇದೂ ಒಂದು ಕಾರಣವೆಂದು ಅವರು ತರ್ಕಿಸಿದರು.

ಚಮಚದ ಉದಾಹರಣೆಯಂತೂ ಹಲವು ತಲೆಮಾರುಗಳ ವಿದ್ಯಾರ್ಥಿಗಳಿಗೆ ಪರಿಚಿತ. ಕೈಯಿಂದ ಮಾಡಿದ ಬೆಳ್ಳಿ ಚಮಚಕ್ಕೆ ಆಗ ಹತ್ತಿಪ್ಪತ್ತು ಡಾಲರ್. ಯಂತ್ರದಲ್ಲಿ ಮಾಡಿದ ಅಲ್ಯೂಮಿನಿಯಂ ಚಮಚಕ್ಕೆ ಹತ್ತಿಪ್ಪತ್ತು ಸೆಂಟ್. ಊಟಕ್ಕೆ ಎರಡೂ ಒಂದೇ. ಆದರೂ ಬೆಳ್ಳಿ ಚಮಚ ಹೆಚ್ಚು ಸುಂದರವೆಂದು ಜನ ಪ್ರಾಮಾಣಿಕವಾಗಿ ನಂಬುತ್ತಾರೆ. ದುಬಾರಿಯಾದದ್ದೇ ಸುಂದರ ಎಂಬ ಅಭ್ಯಾಸ ಕಣ್ಣಿನೊಳಗೇ ಇಳಿದಿರುತ್ತದೆ. ಮನೆಯ ಮುಂದಿನ ಹುಲ್ಲುಹಾಸನ್ನು ಮೇಯಿಸಿ ಸಮ ಮಾಡಲು ಹಸುವೇ ಸಾಕು. ಆದರೆ ಹಸು ಮಿತವ್ಯಯವನ್ನೂ ಉಪಯೋಗವನ್ನೂ ನೆನಪಿಸುತ್ತದೆಂಬ ಕಾರಣಕ್ಕೆ ಸಿರಿವಂತರು ಅದರ ಜಾಗದಲ್ಲಿ ಜಿಂಕೆಯನ್ನು ಬಯಸುತ್ತಾರೆ ಎಂದು ರೈತನ ಮಗ ಬರೆದರು.

ಇದರಲ್ಲಿ ಬೈಗುಳವಿರಲಿಲ್ಲ ಎಂಬುದನ್ನು ಮರೆಯಬಾರದು. ಖರ್ಚು ಮಾಡುವ ಗೃಹಸ್ಥ ಮೂರ್ಖನೆಂದು ವೆಬ್ಲೆನ್ ಎಲ್ಲಿಯೂ ಹೇಳಲಿಲ್ಲ. ತನ್ನ ಓಣಿಯಲ್ಲಿ ಮರ್ಯಾದೆಯ ಮಟ್ಟವೆಂದು ಒಪ್ಪಿತವಾದುದಕ್ಕಿಂತ ಕೆಳಗಿಳಿದರೆ ಅವನಿಗೆ ನಿಜವಾದ ನಷ್ಟವಿದೆ: ನಂಟು, ಕೆಲಸ, ಮಕ್ಕಳ ಭವಿಷ್ಯ ಎಲ್ಲಕ್ಕೂ ಅದು ತಗಲುತ್ತದೆ. ಮಟ್ಟವನ್ನು ಏರಿಸುವುದು ಸುಲಭ, ಇಳಿಸುವುದು ಕಠಿಣ. ಹೀಗಾಗಿ ಗಳಿಕೆಯ ಪ್ರತಿಯೊಂದು ಹೆಚ್ಚಳವನ್ನೂ ಹೊಸ ಮಟ್ಟ ನುಂಗಿಹಾಕುತ್ತದೆ. ಈ ಒತ್ತಡಕ್ಕೆ ಹೆಚ್ಚಾಗಿ ಸಿಲುಕಿದವರೆಂದು ಅವರು ಹೆಸರಿಸಿದ್ದು ತಮ್ಮದೇ ವೃತ್ತಿಯವರನ್ನು. ಸಿರಿವಂತರೊಂದಿಗೆ ಸಮನಾಗಿ ಬೆರೆಯಬೇಕಾದ, ಆದರೆ ಅವರಷ್ಟು ಗಳಿಕೆಯಿಲ್ಲದ ಅಧ್ಯಾಪಕರು ಗಳಿಕೆಯ ದೊಡ್ಡ ಪಾಲನ್ನು ತೋರಿಕೆಗೆ ತೆರುತ್ತಾರೆಂದು ಅವರು ಬರೆದರು.

ಹೆಸರು ಬಂತು, ನೆಲೆ ಸಿಗಲಿಲ್ಲ

ಹೆಸರಾಂತ ಕಾದಂಬರಿಕಾರ ವಿಲಿಯಂ ಡೀನ್ ಹೋವೆಲ್ಸ್ ಪುಸ್ತಕವನ್ನು ಮೆಚ್ಚಿ ಎರಡು ಲೇಖನ ಬರೆದದ್ದರಿಂದ ಅದು ಪಂಡಿತ ವಲಯದಾಚೆಗೂ ಓದುಗರನ್ನು ಪಡೆಯಿತು. ಬಹುಮಂದಿ ಅದನ್ನು ವಿಡಂಬನೆಯೆಂದು ಓದಿ ನಕ್ಕರು. ತಮ್ಮ ಮನೆಯ ಲೆಕ್ಕವೂ ಅದರಲ್ಲಿದೆಯೆಂದು ಗುರುತಿಸಿದವರು ಕಡಿಮೆ.

ವೆಬ್ಲೆನ್ ಅವರ ವೈಯಕ್ತಿಕ ಬದುಕು ಸುಗಮವಾಗಿರಲಿಲ್ಲ. ಎಲೆನ್ ಜೊತೆಗಿನ ದಾಂಪತ್ಯ ಹಲವು ಬಾರಿ ಮುರಿದು ಕೂಡಿ ಕೊನೆಗೆ ವಿಚ್ಛೇದನದಲ್ಲಿ ಮುಗಿಯಿತು. ಅವರ ಸ್ತ್ರೀ ಸಂಬಂಧಗಳ ಕುರಿತು ಹಬ್ಬಿದ ಮಾತುಗಳು ವಿಶ್ವವಿದ್ಯಾಲಯಗಳ ಆಡಳಿತಗಾರರ ಕಿವಿಗೆ ಬಿದ್ದವು. ಅವುಗಳಲ್ಲಿ ಬಹಳಷ್ಟು ಬೆಳೆಸಿ ಹೇಳಿದವೆಂದು ನಂತರದ ಅಧ್ಯಯನಗಳು ಅಭಿಪ್ರಾಯಪಟ್ಟಿವೆಯಾದರೂ ಉದ್ಯೋಗದ ಮೇಲೆ ಪೆಟ್ಟು ಬೀಳುವುದು ತಪ್ಪಲಿಲ್ಲ. 1906ರಲ್ಲಿ ಷಿಕಾಗೋ ತೊರೆದು ಸ್ಟ್ಯಾನ್‌ಫರ್ಡ್‌ಗೆ ಹೋದರು. 1909ರಲ್ಲಿ ಅಲ್ಲಿಯೂ ರಾಜೀನಾಮೆ ಕೊಡಬೇಕಾಯಿತು. 1911ರಿಂದ 1918ರವರೆಗೆ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಅಲ್ಲಿ ಸ್ವಲ್ಪ ಕಾಲ ಗೆಳೆಯರಾದ ಅರ್ಥಶಾಸ್ತ್ರಜ್ಞ ಹರ್ಬರ್ಟ್ ಡೇವನ್‌ಪೋರ್ಟ್ ಅವರ ಮನೆಯ ನೆಲಮಾಳಿಗೆಯಲ್ಲಿ ವಾಸವಿದ್ದರು.

1914ರಲ್ಲಿ ಇಬ್ಬರು ಹೆಣ್ಣುಮಕ್ಕಳ ತಾಯಿಯಾಗಿದ್ದ ಆನ್ ಬ್ರಾಡ್ಲಿ ಬೆವನ್ಸ್ ಅವರನ್ನು ವಿವಾಹವಾದರು. ಈ ಸಂಸಾರದ ನೆಮ್ಮದಿ ಹೆಚ್ಚು ಕಾಲ ಉಳಿಯಲಿಲ್ಲ. ಆನ್ ಮಾನಸಿಕ ಅಸ್ವಾಸ್ಥ್ಯಕ್ಕೆ ಒಳಗಾಗಿ 1920ರಲ್ಲಿ ತೀರಿಕೊಂಡರು. 1919ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ನ್ಯೂ ಸ್ಕೂಲ್ ಎಂಬ ವಿದ್ಯಾಸಂಸ್ಥೆಯ ಮೊದಲ ಅಧ್ಯಾಪಕರಲ್ಲಿ ವೆಬ್ಲೆನ್ ಒಬ್ಬರಾಗಿದ್ದರು.

ಈ ಅಲೆದಾಟದ ನಡುವೆಯೂ ವ್ಯಾಪಾರೋದ್ಯಮ, ಕುಶಲ ದುಡಿಮೆಯ ಪ್ರವೃತ್ತಿ, ಜರ್ಮನಿಯ ಕೈಗಾರಿಕೆ, ಅಮೆರಿಕದ ಉನ್ನತ ಶಿಕ್ಷಣ ಮುಂತಾದ ವಿಷಯಗಳ ಮೇಲೆ ಒಂದರ ಹಿಂದೊಂದು ಗ್ರಂಥ ಬಂದವು. ಬದುಕುವ ರೀತಿ ಮಾತ್ರ ಬದಲಾಗಲಿಲ್ಲ. ಕೈಗಡಿಯಾರದ ಬದಲು ಜೇಬಿನ ಗಡಿಯಾರವನ್ನು ಸೇಫ್ಟಿ ಪಿನ್ನಿನಿಂದ ಅಂಗಿಗೆ ಸಿಕ್ಕಿಸಿಕೊಳ್ಳುತ್ತಿದ್ದರು, ತಮ್ಮ ಪೀಠೋಪಕರಣಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು, ಪಾತ್ರೆಗಳೆಲ್ಲ ಮುಗಿಯುವವರೆಗೆ ರಾಶಿ ಹಾಕಿ ಒಮ್ಮೆಗೇ ಕೊಳವೆಯ ನೀರು ಬಿಟ್ಟು ತೊಳೆಯುತ್ತಿದ್ದರು ಎಂಬ ಕಥೆಗಳು ಅವರ ಸುತ್ತ ಬೆಳೆದವು. ಎಲ್ಲವೂ ಅಕ್ಷರಶಃ ನಿಜವಿರಲಿ ಇಲ್ಲದಿರಲಿ, ತೋರಿಕೆಯ ಖರ್ಚಿನ ಸ್ಪರ್ಧೆಗೆ ಅವರು ಇಳಿಯಲಿಲ್ಲವೆಂಬುದು ನಿಜ. ಅದಕ್ಕೆ ತೆತ್ತ ಬೆಲೆಯೂ ನಿಜ. ರೂಢಿಯ ಮಟ್ಟದಿಂದ ಹೊರಗುಳಿದವನಿಗೆ ಸಮಾಜದಲ್ಲಿ ಭದ್ರ ನೆಲೆ ಸಿಗದೆಂಬ ತಮ್ಮ ಸಿದ್ಧಾಂತಕ್ಕೆ ಅವರ ವೃತ್ತಿಜೀವನವೇ ಸಾಕ್ಷಿಯಾಯಿತು.

ಸ್ನಾನದ ತೊಟ್ಟಿಗಿಂತ ಮೊದಲು ಕಾರು

ವೆಬ್ಲೆನ್ ಮುದುಕರಾಗುತ್ತಿದ್ದ ವರ್ಷಗಳಲ್ಲಿ ಅಮೆರಿಕದ ಸಂಸಾರ ಅವರ ಪುಸ್ತಕವನ್ನೇ ಅನುಸರಿಸುತ್ತಿದೆಯೇನೋ ಎಂಬಂತೆ ಬದಲಾಯಿತು. ನೆರೆಯ ಜೋನ್ಸ್ ಕುಟುಂಬಕ್ಕೆ ಸರಿಸಾಟಿಯಾಗಲು ಹೆಣಗುವ ಸಂಸಾರವೊಂದರ ಹಾಸ್ಯ ಚಿತ್ರಮಾಲೆ 1913ರಲ್ಲಿ ಪತ್ರಿಕೆಗಳಲ್ಲಿ ಆರಂಭವಾಯಿತು. ಅದರ ಹೆಸರು ಇಂಗ್ಲಿಷಿನಲ್ಲಿ ನುಡಿಗಟ್ಟಾಗಿ ಉಳಿಯಿತು. ಕಾರು ಕೊಳ್ಳುವವರಿಗೆ ಸಾಲ ಕೊಡಲೆಂದೇ ಜನರಲ್ ಮೋಟಾರ್ಸ್ 1919ರಲ್ಲಿ ಪ್ರತ್ಯೇಕ ಹಣಕಾಸು ಕಂಪನಿ ತೆರೆಯಿತು. 1920ರ ದಶಕ ಕೊನೆಗೊಳ್ಳುವ ವೇಳೆಗೆ ಅಲ್ಲಿ ಮಾರಾಟವಾಗುತ್ತಿದ್ದ ಕಾರುಗಳಲ್ಲಿ ಹೆಚ್ಚಿನವು ಕಂತಿನ ಮೇಲೆ ಹೋಗುತ್ತಿದ್ದವು. ಹೆನ್ರಿ ಫೋರ್ಡ್ ಅವರ ಅಗ್ಗದ, ಗಟ್ಟಿಮುಟ್ಟಾದ, ಹಲವು ವರ್ಷ ಕಪ್ಪು ಬಣ್ಣದಲ್ಲಿ ಮಾತ್ರ ದೊರೆಯುತ್ತಿದ್ದ ಮಾಡೆಲ್ ಟಿ ಕಾರಿನ ತಯಾರಿಕೆ 1927ರಲ್ಲಿ ನಿಂತುಹೋಯಿತು. ಬಣ್ಣ, ಮಾದರಿಗಳನ್ನು ಬದಲಿಸುತ್ತ ಹೋದ ಪ್ರತಿಸ್ಪರ್ಧಿ ಗೆದ್ದಿತು. ಉಪಯೋಗಕ್ಕಾಗಿ ಮಾಡಿದ ವಸ್ತು, ನೋಟಕ್ಕಾಗಿ ಮಾಡಿದ ವಸ್ತುವಿನೆದುರು ಸೋತಿತು.

ರಾಬರ್ಟ್ ಲಿಂಡ್ ಮತ್ತು ಹೆಲೆನ್ ಲಿಂಡ್ ದಂಪತಿ ಇಂಡಿಯಾನಾ ರಾಜ್ಯದ ಮನ್ಸಿ ಎಂಬ ಪಟ್ಟಣದ ಸಾಮಾನ್ಯ ಕುಟುಂಬಗಳ ಜೀವನವನ್ನು ಅಧ್ಯಯನ ಮಾಡಿ 1929ರಲ್ಲಿ ಮಿಡಲ್‌ಟೌನ್ ಎಂಬ ಗ್ರಂಥ ಪ್ರಕಟಿಸಿದರು. ಅದರಲ್ಲಿ ಬರುವ ಒಂದು ಸಣ್ಣ ಲೆಕ್ಕ ನೂರು ಮಾತು ಹೇಳುತ್ತದೆ. ಕಾರು ಹೊಂದಿದ್ದ 26 ಕುಟುಂಬಗಳ ಸ್ನಾನಗೃಹದ ವಿವರ ಸಿಕ್ಕಾಗ, ಅವುಗಳಲ್ಲಿ 21 ಮನೆಗಳಲ್ಲಿ ಸ್ನಾನದ ತೊಟ್ಟಿ ಇರಲಿಲ್ಲ. ಕಾರು ಬೀದಿಯಲ್ಲಿ ನಿಲ್ಲುತ್ತದೆ, ತೊಟ್ಟಿ ಮನೆಯೊಳಗಿರುತ್ತದೆ. ಅದೊಂದೇ ಕಾರಣವಲ್ಲ, ಕಾರು ದುಡಿಯುವ ಕುಟುಂಬಕ್ಕೆ ಮೊದಲ ಬಾರಿಗೆ ಊರಾಚೆಯ ಲೋಕವನ್ನು ತೆರೆಯಿತೆಂಬುದೂ ಸತ್ಯ. ವೆಬ್ಲೆನ್ ಸಹ ಇದನ್ನು ಅಲ್ಲಗಳೆಯುತ್ತಿರಲಿಲ್ಲ. ಪ್ರತಿ ವಸ್ತುವಿನಲ್ಲೂ ಉಪಯೋಗ ಮತ್ತು ತೋರಿಕೆ ಬೆರೆತಿರುತ್ತವೆ, ಎರಡನ್ನೂ ಬಿಡಿಸಿ ನೋಡುವುದು ಕಠಿಣ ಎಂದು ಅವರೇ ಒಪ್ಪಿಕೊಂಡಿದ್ದರು.

ಕೊನೆಯ ದಿನಗಳು

1920ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಅರ್ಥಶಾಸ್ತ್ರ ಸಂಘದ ಅಧ್ಯಕ್ಷ ಪದವಿಗೆ ಅವರ ಹೆಸರು ಸೂಚಿತವಾಯಿತು. ಅಗತ್ಯವಿದ್ದಾಗ ಬಾರದ ಗೌರವವನ್ನು ವೃದ್ಧಾಪ್ಯದಲ್ಲಿ ಅವರು ಒಲ್ಲೆನೆಂದರು. 1926ರಲ್ಲಿ ನ್ಯೂಯಾರ್ಕ್ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಮರಳಿ, ಸ್ಟ್ಯಾನ್‌ಫರ್ಡ್ ಸಮೀಪದ ಗುಡ್ಡದ ಮೇಲಿನ ಸರಳ ಮನೆಯಲ್ಲಿ ಉಳಿದ ದಿನಗಳನ್ನು ಕಳೆದರು. 1929ರ ಆಗಸ್ಟ್ 3ರಂದು ಹೃದ್ರೋಗದಿಂದ ನಿಧನರಾದಾಗ ಅವರಿಗೆ 72 ವರ್ಷ. ಮೂರು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ ಕೊನೆಯಲ್ಲಿ, ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಕಂತಿನ ಮೇಲೆ ಕಟ್ಟಿದ ಸಂಸಾರಗಳು ಒಂದೊಂದಾಗಿ ತತ್ತರಿಸಿದವು.

ಅವರು ಬಿಟ್ಟುಹೋದ ಚೀಟಿಯಲ್ಲಿ ಕೊನೆಯ ಇಚ್ಛೆಯಿತ್ತು. ಆಡಂಬರವಿಲ್ಲದೆ, ಕಡಿಮೆ ಖರ್ಚಿನಲ್ಲಿ ದಹನ ಮಾಡಬೇಕು, ಬೂದಿಯನ್ನು ಸಮುದ್ರಕ್ಕೆ ಚೆಲ್ಲಬೇಕು, ಸಮಾಧಿ, ಪ್ರತಿಮೆ, ಶಾಸನ ಯಾವುದೂ ಬೇಡ, ಜೀವನಚರಿತ್ರೆಯನ್ನಾಗಲಿ ಪತ್ರಗಳನ್ನಾಗಲಿ ಪ್ರಕಟಿಸಕೂಡದು ಎಂಬುದು ಅದರ ತಾತ್ಪರ್ಯ. ಬೂದಿ ಪೆಸಿಫಿಕ್ ಸಾಗರ ಸೇರಿತು. ಉಳಿದ ಮಾತು ನಡೆಯಲಿಲ್ಲ. ಜೋಸೆಫ್ ಡಾರ್ಫ್‌ಮನ್ ಬರೆದ ಬೃಹತ್ ಜೀವನಚರಿತ್ರೆ 1934ರಲ್ಲಿಯೇ ಹೊರಬಂತು.

ಇಂದಿನ ಲೆಕ್ಕದಲ್ಲಿ ವೆಬ್ಲೆನ್

ವೆಬ್ಲೆನ್ ಅವರ ಪುಸ್ತಕದಲ್ಲಿ ಕೋಷ್ಟಕಗಳಿಲ್ಲ, ಸಮೀಕ್ಷೆಯಿಲ್ಲ. ಇದು ಅವರ ವಿಧಾನದ ದೌರ್ಬಲ್ಯವೆಂದು ವಿಮರ್ಶಕರು ಅಂದೇ ಹೇಳಿದ್ದರು. ಎಲ್ಲ ಖರ್ಚನ್ನೂ ತೋರಿಕೆಯೆಂದು ಎಣಿಸಿದರೆ ಅನ್ಯಾಯವಾದೀತು. ಇಂದಿನ ಅಮೆರಿಕನ್ ಕುಟುಂಬವನ್ನು ಹಿಂಡುತ್ತಿರುವ ಮನೆ ಬಾಡಿಗೆ, ವೈದ್ಯಕೀಯ ವೆಚ್ಚ, ಕಾಲೇಜು ಶುಲ್ಕಗಳು ನಿಜವಾದ ಅಗತ್ಯಗಳು.

ಆದರೂ ಅಂಕಿ-ಅಂಶಗಳು ಹಲವೆಡೆ ಅವರ ಪರ ನಿಲ್ಲುತ್ತವೆ. ಅಮೆರಿಕದಲ್ಲಿ ಹೊಸದಾಗಿ ಕಟ್ಟಿದ ಮಧ್ಯಮ ಅಳತೆಯ ಮನೆಯ ವಿಸ್ತೀರ್ಣ 1973ರಲ್ಲಿ 1,525 ಚದರ ಅಡಿ ಇದ್ದದ್ದು 2015ರಲ್ಲಿ 2,467 ಚದರ ಅಡಿಗೆ ಏರಿತು. ಅದೇ ಅವಧಿಯಲ್ಲಿ ಮನೆಯೊಂದರಲ್ಲಿ ವಾಸಿಸುವವರ ಸರಾಸರಿ ಸಂಖ್ಯೆ ಮೂರರಿಂದ ಎರಡೂವರೆಗೆ ಇಳಿದಿತ್ತು. ಜನ ಕಡಿಮೆಯಾದರು, ಮನೆ ದೊಡ್ಡದಾಯಿತು. ಜೇಮ್ಸ್ ಡ್ಯೂಸೆನ್‌ಬೆರಿ 1949ರಲ್ಲಿ, ಕುಟುಂಬದ ಉಳಿತಾಯ ಅದರ ಆದಾಯದ ಮೊತ್ತಕ್ಕಿಂತ ಸುತ್ತಲಿನವರ ನಡುವೆ ಅದರ ಸ್ಥಾನವನ್ನು ಅವಲಂಬಿಸುತ್ತದೆಂದು ವಾದಿಸಿದಾಗ, ಅರ್ಧ ಶತಮಾನದ ಹಿಂದಿನ ವಿಚಾರವೇ ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಮರುಜನ್ಮ ಪಡೆಯಿತು. ಬೆಲೆ ಏರಿದಷ್ಟೂ ಬೇಡಿಕೆ ಏರುವ ವಸ್ತುಗಳಿಗೆ ವೆಬ್ಲೆನ್ ಹೆಸರೇ ಅಂಟಿಕೊಂಡಿದೆ.

ಸಂಸಾರದ ಆಯವ್ಯಯವನ್ನು ಶಿಸ್ತಿನ ಕೊರತೆಯೆಂದು ಉಪದೇಶಿಸುವವರು ಎಲ್ಲ ಕಾಲದಲ್ಲೂ ಇದ್ದಾರೆ. ವೆಬ್ಲೆನ್ ಉಪದೇಶಿಸಲಿಲ್ಲ. ಸಾಮಾನ್ಯ ಗೃಹಸ್ಥನ ಕೈ ಜೇಬಿಗೆ ಹೋಗುವಾಗ ಅವನ ಬೆನ್ನ ಹಿಂದೆ ನಿಂತಿರುವ ನೆರೆಹೊರೆಯನ್ನು ಅವರು ಬೆಳಕಿಗೆ ತಂದರು. ಎಲ್ಲರೂ ತುದಿಗಾಲಲ್ಲಿ ನಿಂತರೆ ಯಾರೂ ಹೆಚ್ಚು ಎತ್ತರ ಕಾಣುವುದಿಲ್ಲ, ಆದರೆ ಒಬ್ಬನೇ ಕಾಲೂರಿ ನಿಲ್ಲುವುದೂ ಸುಲಭವಲ್ಲ. ಕಾಲೂರಿ ನಿಂತ ಕೆಲವರಲ್ಲಿ ವೆಬ್ಲೆನ್ ಒಬ್ಬರು. ನರ್‌ಸ್ಟ್ರಾಂಡ್‌ನಲ್ಲಿ ತಂದೆ ಕಟ್ಟಿದ ಮನೆಯ ಹೊರತು ಅವರ ನೆನಪಿಗೆಂದು ನೋಡಲು ಹೆಚ್ಚೇನೂ ಉಳಿದಿಲ್ಲ. ಅವರು ಬಯಸಿದ್ದೂ ಅದನ್ನೇ.